ಹದಿನೈದರಿಂದ ಹತ್ತೊಂಬತ್ತು

ಐತಪ್ಪನವರು ಕಾಗದವನ್ನು ನನ್ನ ಬಲಗಡೆ ಕೂತು ಓದುತ್ತಾರೆ,
ಎಡಗಿವಿ ಮನೆಯಲ್ಲಿಲ್ಲವೆಂದು ಅವರಿಗೆ ಗೊತ್ತು.
"ಹದಿನೈದರಿಂದ ಹತ್ತೊಂಬತ್ತು ಪರ್ಸೆಂಟು, ಮಾದಯ್ಯ.
ಇಪ್ಪತ್ತಾಗಿದ್ದರೆ ಐವತ್ತೆಂದು ಹಿಡಿಯುತ್ತಿದ್ದರು.
ಆಗಲಿಲ್ಲ. ಅದಕ್ಕೇ ಸೊನ್ನೆ."
ಮಡಿಕೇರಿಯ ಸೈನಿಕ ಕಚೇರಿಯ ಕಿಟಕಿಗೆ
ಮಂಜು ಮೂಗೊತ್ತಿ ನಿಂತಿದೆ,
ಅದಕ್ಕೂ ಏನೋ ಫಾರಂ ಬೇಕಿರುವ ಹಾಗೆ.

ನಾನು ತೋಪಿನವನು.
ಹದಿನೇಳು ವರ್ಷ ತೋಪಿನ ಬಲಕ್ಕೆ ನಿಂತವನು.
ಫೈರ್ ಎಂದಾಗ ಬಾಯಿ ತೆರೆದಿಡು, ಪರದೆ ಹರಿಯುವುದಿಲ್ಲ
ಎಂದು ಉಸ್ತಾದ್ ಕಲಿಸಿದ್ದ.
ತೆರೆದೆ. ಬಾಯಿ ತುಂಬ ಲಡಾಖಿನ ಧೂಳು.
ಆಮೇಲೊಂದು ರಾತ್ರಿ ಕಿವಿಯೊಳಗೆ ಜೀರುಂಡೆ ಬಂದು ಕೂತಿತು,
ಇವತ್ತಿಗೂ ಎದ್ದಿಲ್ಲ.

ವರ್ಷಕ್ಕೊಂದು ಮೆಡಿಕಲ್.
ಡಬ್ಬಿಯಂಥ ಕೋಣೆ, ತಲೆಗೆ ಬಿಗಿದ ಹೆಡ್‌ಫೋನು,
ಸದ್ದು ಕೇಳಿದಾಗ ಗುಂಡಿ ಒತ್ತಬೇಕು.
ಕೇಳುತ್ತಿರಲಿಲ್ಲ.
ಗಾಜಿನಾಚೆ ಹುಡುಗನ ಹೆಬ್ಬೆರಳು ಅಲುಗುವುದನ್ನು ನೋಡಿ
ಒತ್ತುತ್ತಿದ್ದೆ.
ನಾಯಕ್ ಆಗಿದ್ದವನಿಗೆ ಹವಾಲ್ದಾರ್ ಆಗಬೇಕಿತ್ತು.
ಶೇಪ್ ಒನ್, ಶೇಪ್ ಒನ್, ಶೇಪ್ ಒನ್,
ಹನ್ನೊಂದು ವರ್ಷ ಕೆಂಪು ಶಾಯಿಯಲ್ಲಿ.
ಈಗ ಆ ಹನ್ನೊಂದು ಸಾಲುಗಳೂ
ಎದುರು ಪಾರ್ಟಿಯ ಸಾಕ್ಷಿಗಳು.
ಸುಳ್ಳು ಹೇಳಿದವನು ನಾನು. ಅವು ನಂಬಿದವು, ಅಷ್ಟೇ.

"ಮುಂದಿನ ಸಾಲು ಓದಲೇ?"
ಐತಪ್ಪ ಕನ್ನಡಕ ಒರೆಸುತ್ತಾರೆ, ಒರೆಸುತ್ತಲೇ ಇರುತ್ತಾರೆ.
"ಸೇವೆಯಿಂದ ಉಂಟಾದುದಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲ.
ಅರ್ಜಿದಾರರ ಜಿಲ್ಲೆಯಲ್ಲಿ ಮನೆಮನೆಗೆ ಕೋವಿಯಿದ್ದು,
ಹಬ್ಬದಂದು ತೆಂಗಿನಕಾಯಿಗೆ ಗುಂಡು ಹೊಡೆಯುವ ರೂಢಿ ಇರುವುದರಿಂದ..."

ಜೋರಾಗಿಯೇ ನಕ್ಕಿರಬೇಕು,
ಬೆಂಚಿನ ಮೇಲಿದ್ದ ಹೆಂಗಸರು ತಿರುಗಿ ನೋಡಿದರು.
ಕೈಲ್‌ಪೊಳ್ದಿಗೆ ಮೂರು ಗುಂಡು,
ಅದೂ ರಜೆ ಸಿಕ್ಕ ವರ್ಷ; ಹದಿನೇಳರಲ್ಲಿ ನಾಲ್ಕು ಸಲ.
ತಾತನ ಕೋವಿಗೆ ತೋಕ್‌ಪೂ ಸಿಕ್ಕಿಸಿ, ಕೈಮುಗಿದು,
ಕಾಯಿಯನ್ನು ಮರದಲ್ಲೇ ಬಿಟ್ಟು ಬಂದವನು ನಾನು.
ಒಟ್ಟು ಹನ್ನೆರಡು, ಸಾಹೇಬರೇ.
ಮೇಲೆ, ಆ ಬೆಟ್ಟದಲ್ಲಿ, ಒಂದೇ ರಾತ್ರಿಗೆ ಮುನ್ನೂರು.
ಲೆಕ್ಕ ಬಲ್ಲವರು ನೀವು.

"ಇನ್ನೊಮ್ಮೆ ಕೇಳೋಣ," ಎಂದರು ಐತಪ್ಪ.
ಕಿವಿಯ ಕೆಲಸಕ್ಕೂ ಬಾಯಿಯ ಕೆಲಸಕ್ಕೂ ಒಂದೇ ಮಾತು.
ಒಂದು ಕೆಟ್ಟಿದೆ, ಇನ್ನೊಂದು ಉಳಿದಿದೆ.
ಕೇಳೋಣ, ಎಂದೆ.

ಬಸ್ಸಿನಲ್ಲಿ, ಮೂರ್ನಾಡು ದಾಟಿದ ಮೇಲೆ,
ಕಂಡಕ್ಟರು ಎಡಗಡೆ ನಿಂತು ಏನೋ ಅಂದ.
ನಾಪೋಕ್ಲು, ಎಂದೆ.
ಅವನು ಕೇಳಿದ್ದು ಚಿಲ್ಲರೆ.

ಗದ್ದೆಯ ಬದುವಿನಲ್ಲಿ ನಡೆಯುವಾಗ ಬಂತು,
ಬಹಳ ದಿನದ ಮೇಲೆ, ಜೀರುಂಡೆಯದಲ್ಲದ ಸದ್ದು:
ಒಂದು ಗುಂಡು.
ಒಂದು ಎಂದರೆ ನಮ್ಮಲ್ಲಿ ಗಂಡು ಕೂಸು.
ಯಾರ ಮನೆಯಲ್ಲಿ ಬಸುರಿಯರಿದ್ದಾರೆಂದು ಎಣಿಸುತ್ತ
ಸ್ವಲ್ಪ ಖುಷಿಯಲ್ಲೇ ಅಂಗಳಕ್ಕೆ ಕಾಲಿಟ್ಟೆ.
ಚೋಂದಮ್ಮ ಬಿಳಿ ಸೀರೆ ಉಟ್ಟು ನಿಂತಿದ್ದಳು.
ಯಾರಿಗೆ ಮಗು, ಎಂದೆ.
ಅವಳು ಎರಡು ಬೆರಳು ಎತ್ತಿದಳು.

ಎರಡನೆಯದು ಎಡಗಡೆಯಿಂದ ಬಂದಿರಬೇಕು.

ಮೇಲ್ಮನೆಯ ಬೊಳ್ಳವ್ವಜ್ಜಿ. ತೊಂಬತ್ತೊಂದು.
ನನಗಿಂತ ಚೆನ್ನಾಗಿ ಕೇಳುತ್ತಿದ್ದವಳು.

ಮಣ್ಣು ಮಾಡಿ ಬಂದು, ಮಿಂದು, ರಾತ್ರಿ
ಅಪೀಲಿನ ಫಾರಂ ಹರಡಿಕೊಂಡೆವು.
ಅಕ್ಷರ ಅವಳದು, ನಂಬರು ನನ್ನದು.
ಆರ್ಮಿ ನಂಬರನ್ನು ಇನ್ನೂ ಒಂದೇ ಉಸಿರಿಗೆ ಹೇಳುತ್ತೇನೆ.
'ಕಾರಣಗಳು' ಎಂಬಲ್ಲಿ ಮೂರೇ ಗೆರೆ ಜಾಗ.
ತೋಪಿನ ಮಾತು ಬರೆ, ಮುನ್ನೂರು ಬರೆ ಎಂದು ಹೇಳುತ್ತ ಹೇಳುತ್ತ
ನಾನೇ ನಿದ್ದೆ ಹೋದೆ.

ಬೆಳಿಗ್ಗೆ ಓದಿದರೆ
ತೋಪೂ ಇಲ್ಲ, ಬೆಟ್ಟವೂ ಇಲ್ಲ.
'ನಿನ್ನೆ ಊರಲ್ಲಿ ಸಾವಾಯಿತು.
ಇವರು ಯಾರಿಗೆ ಮಗು ಎಂದು ಕೇಳಿದರು.'
ಮೂರನೆಯ ಗೆರೆ ಖಾಲಿ.

ಹೊಡೆದುಹಾಕಬೇಕೆಂದು ಪೆನ್ನು ಹುಡುಕಿದೆ.
ಚೋಂದಮ್ಮ ಅದನ್ನು ಮುಡಿಗೆ ಸಿಕ್ಕಿಸಿಕೊಂಡು
ಹಂದಿಗೂಡಿನ ಕಡೆ ಹೋಗಿದ್ದಳು.
ಕರೆದೆ.
ಅವಳಿಗೆ ಕೇಳಿಸಲಿಲ್ಲ.