ಯಾವ ಗೋಡೆ ನಿನ್ನದು?

ಕಾರ್ಕಳದ ಕುಚ್ಚಲಕ್ಕಿ, ಹಲಸಿನ ಹಪ್ಪಳದ ಡಬ್ಬ,
ಮೇಲಿಂದ ಮೂರು ಸುತ್ತು ಪ್ಲಾಸ್ಟಿಕ್ ಹಗ್ಗ.
ಗಂಟು ಬಿಚ್ಚಿದರೆ, ಮನಾಮಾದ ಮೂರನೇ ಮಹಡಿಯಲ್ಲಿ
ಅಕ್ಕಿಗಿಂತ ಮೊದಲು ಹೊರಗೆ ಬಿದ್ದದ್ದು
ಒಂದು ಹಲ್ಲಿ!

ಅಮ್ಮ ಕಿರುಚಿ ಕುರ್ಚಿ ಹತ್ತಿದಳು.
ಅಪ್ಪ ಪೊರಕೆ ಎತ್ತಿದ.
ಬಾಲ ಬಿಟ್ಟು ಹಲ್ಲಿ ಫ್ರಿಜ್ಜಿನ ಹಿಂದೆ ಓಡಿತು.
ಬಾಲವೊಂದೇ ನೆಲದ ಮೇಲೆ
ಸ್ವಲ್ಪ ಹೊತ್ತು ಕುಣಿದು ಸುಮ್ಮನಾಯಿತು.
ಪ್ರಾಪ್ತಿ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟಳು,
ನಿನ್ನೆ ಬಿದ್ದ ತನ್ನ ಹಲ್ಲಿನ ಪಕ್ಕ.

ರಾತ್ರಿ ಟ್ಯೂಬ್‌ಲೈಟಿನ ಬಳಿ ಪಂಚಾಯಿತಿ.
"ಯಾವ ಗೋಡೆ ನಿನ್ನದು?"
"ಕಾರ್ಕಳದ್ದು. ಕ್ಯಾಲೆಂಡರಿನ ಹಿಂದಿನದು."
"ಹೆಸರು?"
"ಊರಲ್ಲಿ ಹಲ್ಲಿ. ಈ ಮನೆಯ ಅಪ್ಪನಿಗೆ ಸಿಟ್ಟು ಬಂದರೆ ಪಲ್ಲಿ."
"ಇಲ್ಲಿ ನಮ್ಮನ್ನೆಲ್ಲ ಅಬು ಬ್ರೇಸ್ ಅನ್ನುತ್ತಾರೆ."
"ಅಯ್ಯೋ, ಅದು ಗಂಡಸಿನ ಹೆಸರು!"
"ಇರಲಿ ಬಿಡು, ಹಂಚಿಕೋ."

ಹೆಸರು ಹಂಚಿದರು, ಸೊಳ್ಳೆ ಹಂಚಲಿಲ್ಲ.
ಅವಳ 'ಲೊಚ್ ಲೊಚ್' ಕೇಳಿ ಮರಿಗಳು ನಕ್ಕವು:
"ಎಷ್ಟು ಒದ್ದೆ ಇವಳ ಮಾತು!"
ಎಸಿಯ ಪೈಪು ತೊಟ್ಟಿಕ್ಕುವಲ್ಲಿ
ಅವಳು ಒಬ್ಬಳೇ ಹೋಗಿ ಕೂತಳು.
ಗೊತ್ತಿದ್ದ ಸದ್ದು ಅದೊಂದೇ.

ಜೂನ್ ಬಂತು. ಕಿಟಕಿಯ ಗಾಜು ಮುಟ್ಟಿದರೆ ಸುಡುತ್ತಿತ್ತು.
ಒಂದು ಬೆಳಿಗ್ಗೆ ಹಿರಿಯ ಅಬು ಬ್ರೇಸ್
ನಾಲಿಗೆಯಿಂದ ಕಣ್ಣು ಒರೆಸಿಕೊಂಡು ಬಂದ.
"ಹಿಂದೆ ತಿರುಗಿ ನೋಡೇ," ಅಂದ.
ಮೊಂಡಾಗಿದ್ದಲ್ಲಿ ಹೊಸ ಬಾಲ!
ಮೈಯೆಲ್ಲ ಕಂದು, ಗೆರೆ ಗೆರೆ;
ಬಾಲಕ್ಕೆ ಗೆರೆಯಿಲ್ಲ, ಮರಳಿನ ಬಣ್ಣ.
"ನಮ್ಮ ಸೊಳ್ಳೆ ತಿಂದು ಬೆಳೆದದ್ದು. ಇಷ್ಟುದ್ದ ನೀನು ಇಲ್ಲಿಯವಳು."
"ಮತ್ತೆ ಉಳಿದದ್ದು?"
"ಉಳಿದದ್ದನ್ನು ಯಾರು ಕೇಳಿದರು?
ಬಾ, ಬೆಳಕಿನ ಹತ್ತಿರ ಜಾಗ ಇದೆ."

ಆ ಸಂಜೆ ಪ್ರಾಪ್ತಿಯ ಮುಂದೆ ಶಾಲೆಯ ಹಾಳೆ.
'ನನ್ನ ಊರು' ಅಂತ ಒಂದು ಖಾಲಿ ಗೆರೆ.
ಕಾರ್ಕಳ ಬರೆದಳು, ಅಳಿಸಿದಳು.
ಮನಾಮಾ ಬರೆದಳು, ಅಳಿಸಿದಳು.
ಕಾಗದ ತೂತಾಯಿತು.
ಹೊಸ ಹಲ್ಲಿಗೆ ನಾಲಿಗೆ ತಾಗಿಸಿ ತಾಗಿಸಿ ಯೋಚಿಸಿ
ತೂತಿನ ಆಚೆ ಒಂದು, ಈಚೆ ಒಂದು ಬರೆದಳು.
"ಅಮ್ಮಾ, ಎರಡು ಊರು ಇರಬಹುದಲ್ಲ?"

'ಲೊಚ್ ಲೊಚ್!'

ಹಿಟ್ಟು ಮೆತ್ತಿದ ಬೆರಳಲ್ಲೇ ಅಮ್ಮ ಮೇಜು ಕುಟ್ಟಿದಳು:
"ಕೃಷ್ಣ ಕೃಷ್ಣ! ಹಲ್ಲಿಯೇ ಹೇಳಿತಲ್ಲ, ಇನ್ನೇನು?"

ಟ್ಯೂಬ್‌ಲೈಟಿನ ಹಿಂದಿನಿಂದ
ಹಿರಿಯ ಅಬು ಬ್ರೇಸ್ ತಾನೂ ಒಂದು 'ಲೊಚ್' ಹೇಳಿ ನೋಡಿದ.
ಅಷ್ಟು ಒದ್ದೆ ಬರಲಿಲ್ಲ.