ಎಡಬಾಗಿಲು

ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ ಅದಕ್ಕೆ.
ತಿರುವಿನಲ್ಲಿ ಮೊಂಡು ಗೂಳಿ, ಹೆಗಲು ಕೊಟ್ಟು ಹೊರಳಿಸಬೇಕು.
ಪೆಟ್ರೋಲು ಕುಡಿಯುತ್ತದೆ ಮದುವೆಗೆ ಬಂದ ದೂರದ ನೆಂಟನ ಹಾಗೆ,
ಇನ್ನೊಬ್ಬರ ಖರ್ಚಿನಲ್ಲಿ, ಲೆಕ್ಕವಿಲ್ಲದೆ.
ಸೀಟುಬೆಲ್ಟು ಸೊಂಟಕ್ಕಷ್ಟೇ,
ಎದೆಯನ್ನು ದೇವರಿಗೆ ಬಿಟ್ಟಿದ್ದಾರೆ.

ಅರವತ್ತೊಂಬತ್ತರ ಪಾಂಟಿಯಾಕ್ ಜಿ.ಟಿ.ಓ.
ಒಹಾಯೋದ ಒಂದು ಕೊಟ್ಟಿಗೆಯಲ್ಲಿ ಸಿಕ್ಕಿತು,
ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಕೋಳಿಯ ಸಮೇತ.
ಅಮ್ಮ ಅಂದಳು: ಮಾರಿಸೋಲ್, ಆ ದುಡ್ಡಿಗೆ
ನಿನ್ನ ಹಲ್ಲು ಸರಿಮಾಡಿಸಬಹುದಿತ್ತು.
ನಿಜ. ಹಲ್ಲು ಈಗಲೂ ಹಾಗೇ ಇದೆ.

ಏನಿದೆ ಅದರಲ್ಲಿ, ಕೇಳುತ್ತಾರೆ ಎಲ್ಲರೂ.
ಏನು ಹೇಳಲಿ?
ಮಿಶಿಗನ್ನಿನ ಮಾರ್ಚಿಯ ಬೆಳಗು, ಕೀಲಿ ತಿರುವಿದರೆ
ಒಮ್ಮೆ ಕೆಮ್ಮಿ, ಎರಡು ಸಲ ಬೈದು
ಆಮೇಲೆ ಎದ್ದು ನಿಲ್ಲುತ್ತದಲ್ಲ,
ಆಚೆಮನೆಯ ಕಿಟಕಿಗಾಜು ಗದಗದ,
ನನ್ನ ಪಕ್ಕೆಲುಬಿನೊಳಗೆ ಯಾರೋ ತಮಟೆ ಕಾಯಿಸಿದ ಹಾಗೆ.
ಅದು ನನಗೆ ದಾರಿ ಹೇಳುವುದಿಲ್ಲ, ಎಚ್ಚರಿಸುವುದಿಲ್ಲ,
ಗೇರು ತಪ್ಪಿದರೆ ತಪ್ಪು ನನ್ನ ಕೈಯದೇ.
ಇಷ್ಟೇ. ಇಷ್ಟಕ್ಕೇ.

ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂವಿನ ಉದ್ದಕ್ಕೂ
ಇಂಥವೇ ಸಾಲುಗಟ್ಟಿ ಗುಡುಗುತ್ತ ಬರುವಾಗ
ನನ್ನ ಶೆಡ್ಡಿನೆದುರು ಮಡಿಸುವ ಕುರ್ಚಿ ಹಾಕಿ ಕೂರುತ್ತಾನೆ
ಓಜೆಲ್ ಪ್ರೂಯಿಟ್. ಎಂಬತ್ತು.
ಕಾರ್ಖಾನೆಯ ಅಚ್ಚುಯಂತ್ರ ಎರಡೂ ಕಿವಿ ತಿಂದಿದೆ.
ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾನೆ,
ಗಬ್ಬದ ಹಸುವಿನ ಹೊಟ್ಟೆಗೆ ಇಟ್ಟಂತೆ.
"ಐದನೆಯ ಸಿಲಿಂಡರು ಸೋಮಾರಿ," ಅಂದ.
ಬಿಚ್ಚಿ ನೋಡಿದೆ. ಸೋಮಾರಿಯೇ.

ಅಲಬಾಮಾದಿಂದ ಬಸ್ಸಿನಲ್ಲಿ ಬಂದವನು,
ಕಿವಿ ಹೋದ ಮೇಲೆ ಬಾಗಿಲ ಸಾಲಿಗೆ ಹಾಕಿದರು. ಎಡಬಾಗಿಲು.
ಗಂಟೆಗೆ ಐವತ್ತು ಕೂರಿಸಿ
ರಾತ್ರಿ ಸಿಟಿಬಸ್ಸಿನಲ್ಲಿ ನಿಂತು ಮನೆಗೆ ಹೋದವನು.
ಒಂದನ್ನೂ ಕೊಂಡವನಲ್ಲ.
ಮಗಳು ಹುಟ್ಟಿದ ದಿನ ರಜೆ ಕೊಡಲಿಲ್ಲವಂತೆ.
ಹಸಿರು ಕಾರೊಂದರ ಬಾಗಿಲೊಳಗೆ
ಹಳದಿ ಮೇಣದ ಪೆನ್ಸಿಲಿನಲ್ಲಿ ಬರೆದ: ವರ್ನೆಟ್ಟಾ, ಏಳು ಪೌಂಡು.
ಮೇಲೆ ಹಲಗೆ ಬಿತ್ತು. ಕಾರು ಲೋಕಕ್ಕೆ ಹೋಯಿತು.

ವರ್ನೆಟ್ಟಾ ಈಗ ಟೊಲಿಡೋದಲ್ಲಿ ಟೀಚರು,
ಸದ್ದಿಲ್ಲದ ಕೊರಿಯಾ ಕಾರು ಓಡಿಸುತ್ತಾಳೆ.
ಈತ ಮಾತ್ರ ಐವತ್ತಾರು ವರ್ಷದಿಂದ
ಹಸಿರು ಕಂಡಲ್ಲೆಲ್ಲ ಎಡಬಾಗಿಲನ್ನೇ ನೋಡುತ್ತಾನೆ.
"ಕೇಳಬಾರದೇ ಯಾರನ್ನಾದರೂ?" ಚೀಟಿಯಲ್ಲಿ ಬರೆದು ತೋರಿಸಿದೆ.
"ಕಂಡವರ ಬಾಗಿಲು ಬಿಚ್ಚಿಸಲಾ?" ಅಂದ.

ಕಳೆದ ವಾರ ಉಜ್ಜುತ್ತಿದ್ದೆ.
ಕೆಂಪು ಹೋಯಿತು, ಅದರಡಿಯ ಬಿಳಿ ಹೋಯಿತು,
ಮತ್ತೂ ಉಜ್ಜಿದರೆ, ಹಸಿರು.
ಕಡುಹಸಿರು, ನಡುರಾತ್ರಿಯ ಎಲೆಯ ಹಾಗೆ.
ಒಂದು ಹಕ್ಕಳೆ ಎಬ್ಬಿಸಿ ಬೆಂಕಿಪೊಟ್ಟಣದಲ್ಲಿಟ್ಟು
ಅವನ ಮನೆಗೆ ಒಯ್ದೆ.

ಚರ್ಚಿಗೆ ಹೋಗುವ ಸೂಟು ಹಾಕಿ ಬಂದ.
ಸ್ಕ್ರೂ ಬಿಚ್ಚಿದೆ. ಹಲಗೆ ಹಳೆಯ ಅಂಟು ಹರಿದು ಬಂತು.
ಟಾರ್ಚು ಬಿಟ್ಟರೆ
ತುಕ್ಕು, ಕಣಜದ ಒಣಗಿದ ಗೂಡು, ಅದರ ಪಕ್ಕ
ಹಳದಿ ಅಕ್ಷರ.
ನಾನು ಓದಲಿಲ್ಲ, ಅವನೇ ಬಗ್ಗಿ ಓದಿದ:
ಬುಧವಾರ. ಸೆಕೆ. ಫೋರ್‌ಮನ್ ಕತ್ತೆ.

"ಕ್ಲೀಟಸ್!" ಅಂದ. "ಕ್ಲೀಟಸ್ ಹಾಲಿಫೀಲ್ಡ್‌ನ ಕೈ!"
ಕಟ್ಟಿಸಿದ ಹಲ್ಲು ಜಾರುವಷ್ಟು ನಕ್ಕ.
ಕ್ಲೀಟಸ್ ಮಣ್ಣಾಗಿ ಮೂವತ್ತು ವರ್ಷ.
ಕಾರ್ಖಾನೆಯೂ ಮಣ್ಣು, ಅಲ್ಲೀಗ ಹುಲ್ಲಿದೆ, ಬೇಲಿಯಿದೆ.
ಆ ಬುಧವಾರದ ಸೆಕೆ ಮಾತ್ರ
ನನ್ನ ಕಾರಿನೊಳಗೆ ಆರದೆ ಕೂತಿದೆ.

ಒರೆಸಬೇಡ, ಅಂದ. ಒರೆಸುತ್ತೇನೆಯೇ.
ಹಲಗೆ ಮುಚ್ಚಿದೆ. ಬಾಗಿಲು ಹಾಕುವಾಗ
ಅವನ ಅಂಗೈ ಚೌಕಟ್ಟಿನ ಮೇಲಿತ್ತು.
ಆಳದ ನೀರಿಗೆ ಕೊಡ ತಾಕಿದಂಥ ಸದ್ದು,
ನನಗೆ ಕಿವಿಯಲ್ಲಿ, ಅವನಿಗೆ ಮೊಣಕೈವರೆಗೆ.

"ಇನ್ನೊಮ್ಮೆ," ಅಂದ.
ಹಾಕಿದೆ.
"ಇನ್ನೊಮ್ಮೆ."