ನಲವತ್ತೊಂದು ಸುಳ್ಳು

ಪುಂತಾ ಅರೇನಾಸಿನಲ್ಲಿ ಗಾಳಿಗೆ ರಜೆಯಿಲ್ಲ.
ಬೀದಿಯ ಮೂಲೆಗಳಲ್ಲಿ ಹಗ್ಗ ಕಟ್ಟುತ್ತಾರೆ,
ಜನ ಹಿಡಿದು ನಡೆಯಲಿ ಎಂದು.
ಇಂಥ ಊರಿಗೆ
ಅಲುಗಿದ್ದೆಲ್ಲ ಕಳ್ಳನೆಂದು ನಂಬುವ ಕ್ಯಾಮೆರಾ ತಂದು
ದೋಣಿ ಕಟ್ಟುವ ಅಂಗಳದಲ್ಲಿ ನೆಟ್ಟ
ಯೆರ್ಕೊ ಮಿಮಿತ್ಸ, ನನ್ನ ಧಣಿ.

ನಾನು ನೆಲಿದಾ ಚಿಗುವಾಯ್. ರಾತ್ರಿಪಾಳಿ.
ಸ್ಟೌ ಪಕ್ಕ ಪರದೆಯೆದುರು ಕೂತು
ಅದು ಕಿರುಚಿದಾಗಲೆಲ್ಲ ಒಂದು ಗುಂಡಿ ಒತ್ತಬೇಕು:
ನಿಜ, ಇಲ್ಲವೇ ಸುಳ್ಳು.
ಜನವರಿ, ನಮಗೆ ಬೇಸಿಗೆ. ಮೊದಲ ರಾತ್ರಿ
ಮುನ್ನೂರ ಹನ್ನೆರಡು ಸಲ ಕಿರುಚಿತು.
ಮುನ್ನೂರ ಹನ್ನೆರಡೂ ಸುಳ್ಳು.

ಹಗ್ಗಕ್ಕೆ ಹಾವೆಂದು ಬೆಚ್ಚುವವರನ್ನು ಕಂಡಿದ್ದೆ;
ಇದು ಹಗ್ಗದ ನೆರಳಿಗೂ ಬೆಚ್ಚುತ್ತದೆ.
ಮಳೆಹನಿಗೆ. ಲಾರಿಯ ದೀಪ ಗೋಡೆ ನೆಕ್ಕಿ ಹೋದದ್ದಕ್ಕೆ.
ನಾಯಿಗೆ; ನಾಯಿ ಬಿಟ್ಟುಹೋದ ಪ್ಲಾಸ್ಟಿಕ್ ಚೀಲಕ್ಕೆ.
ಒಂದು ಜೇಡ ಲೆನ್ಸಿನ ಮೇಲೆಯೇ ಮನೆ ಹೂಡಿ
ಅಂಗಳದಷ್ಟು ಉದ್ದದ ಕಾಲೆತ್ತಿ
ಮೂರು ದೋಣಿಗಳನ್ನು ಒಂದೇ ಹೆಜ್ಜೆಗೆ ದಾಟಿತು.
ಆಗ ಮಾತ್ರ ನಾನೂ ಬೆಚ್ಚಿದೆ.

ಮೆಲ್ಲಗೆ ಕಲಿತೆ.
ಏಣಿ ಹತ್ತಿ ಪೊರಕೆಯಲ್ಲಿ ಬಲೆ ಬಿಡಿಸಿದೆ.
ಕಣ್ಣಿಗೆ ಕಾಣದ ಬೆಳಕಿನ ದೀಪವನ್ನು
ಲೆನ್ಸಿನಿಂದ ಮೂರು ಮಾರು ಆಚೆ ಸರಿಸಿದೆ,
ಹುಳಗಳ ಜಾತ್ರೆ ಅಲ್ಲೇ ನಡೆಯಲಿ.
ಕಂಬ ನಡುಗಿದರೆ ಲೋಕವೇ ನಡುಗಿದಂತೆ ಅದಕ್ಕೆ,
ಕಂಬಕ್ಕೆ ಎರಡು ತಂತಿ ಬಿಗಿದೆ.
ಬೆಕ್ಕಿಗಿಂತ ಚಿಕ್ಕದ್ದನ್ನು ಲೆಕ್ಕಿಸಬೇಡ ಎಂದೆ,
ಎರಡು ಸೆಕೆಂಡು ನಿಲ್ಲದ್ದನ್ನು ನಂಬಬೇಡ ಎಂದೆ.
ಪರದೆಯ ಮೇಲೆ ಗೆರೆ ಎಳೆದು
ಸಮುದ್ರವನ್ನು ಅಳಿಸಿದೆ, ಬಾವುಟವನ್ನು ಅಳಿಸಿದೆ,
ಪಕ್ಕದ ಮನೆಯ ಬಟ್ಟೆ ಒಣಗುವ ತಂತಿಯನ್ನು
ಹಳದಿ ಸ್ವೆಟರಿನ ಸಮೇತ.

ಗಂಡನ ಗೊರಕೆಯನ್ನು ಹೀಗೇ ಅಳಿಸಿದ್ದೆ, ಇಪ್ಪತ್ತು ವರ್ಷ.
ಅದು ನಿಂತ ರಾತ್ರಿ ಎಚ್ಚರವಾಯಿತು.

ಮುನ್ನೂರ ಹನ್ನೆರಡು ನಲವತ್ತಕ್ಕಿಳಿಯಿತು.
ಆ ನಲವತ್ತೂ ಒಂದೇ ಟಾರ್ಪಾಲು,
ಅರ್ಧ ಕಟ್ಟಿ ಬಿಟ್ಟ ದೋಣಿಗೆ ಹೊದೆಸಿದ್ದು.
ಅಳಿಸೋಣವೆಂದರೆ ದೋಣಿಯೇ ಅಳಿಸಿಹೋಗುತ್ತದೆ;
ಕಾಯಬೇಕಾದದ್ದೇ ಅದನ್ನು.

ಜೂನಿನ ಒಂದು ರಾತ್ರಿ, ಮೂರು ಹತ್ತಕ್ಕೆ,
ನಲವತ್ತೊಂದನೆಯದು.
ಮನುಷ್ಯ.
ಬಾಗಿದ ಬೆನ್ನು, ಉಣ್ಣೆಯ ಟೊಪ್ಪಿ.
ನನ್ನ ಕೈ ಫೋನಿನ ಮೇಲಿತ್ತು. ಅವನು
ಗಾಳಿಗೆ ಬೆನ್ನು ಕೊಟ್ಟು, ಮೊಣಕಾಲೂರಿ,
ಹಾರುವ ಟಾರ್ಪಾಲಿನ ಮೂಲೆ ಹಿಡಿದು
ಗಂಟು ಹಾಕಿದ. ಇನ್ನೊಂದು. ಮತ್ತೂ ಒಂದು.
ಹಲಗೆಯ ಸಂದನ್ನು ಹೆಬ್ಬೆರಳಿಂದ ತಡವಿದ.
ಆ ತಡವುವಿಕೆ ಗೊತ್ತು ನನಗೆ:
ಎದೆಲ್ಮಿರೊ. ಮೂವತ್ತು ವರ್ಷ ಇಲ್ಲೇ
ಸಂದುಗಳಿಗೆ ನಾರು ತುಂಬಿ ನೀರು ತಡೆದವನು,
ಕೈ ನಡುಗುತ್ತದೆಂದು ಮಾರ್ಚಿನಲ್ಲಿ ಮನೆಗೆ ಕಳಿಸಿದವನು.

ಸುಳ್ಳು, ಒತ್ತಿದೆ.

ಬೆಳಗಿನ ತನಕ ಪರದೆ ಗಪ್‌ಚಿಪ್.
ಮರುರಾತ್ರಿ ಒಂದೇ ಒಂದು, ಮೂರು ಹತ್ತಕ್ಕೆ.
‘ಏನು ಮಾಡಿದೆ ನೆಲಿದಾ?’ ಧಣಿಗೆ ಬೆರಗು.
‘ಸೆಟ್ಟಿಂಗು’ ಎಂದೆ.
ಸಂಬಳಕ್ಕೆ ಐದು ಸಾವಿರ ಪೆಸೊ ಏರಿಸಿದ.
ಅದರಲ್ಲಿ ಒಂದು ಸಿಂಬೆ ಹಗ್ಗ ಕೊಂಡು
ಬೇಲಿಯ ಸಂದಿನಲ್ಲಿಟ್ಟೆ. ಮರುದಿನ ಇರಲಿಲ್ಲ.
ಬೇಲಿಯಿಂದ ದೋಣಿಯ ತನಕ
ಕಾಲುದಾರಿಯಷ್ಟು ಅಗಲ ಪರದೆಯಲ್ಲಿ ಗೆರೆ ಎಳೆದೆ.
ಸಮುದ್ರ, ಬಾವುಟ, ಸ್ವೆಟರು, ಎದೆಲ್ಮಿರೊ:
ಎಲ್ಲ ಗಾಳಿಯ ಲೆಕ್ಕಕ್ಕೆ.

ಈ ರಾತ್ರಿ ಮತ್ತೆ ಶುರು.
ಹನ್ನೆರಡಕ್ಕೆ ಒಂದು. ಒಂದು ಗಂಟೆಯೊಳಗೆ ಒಂಬತ್ತು.
ಮೂರು ಹತ್ತು ಕಳೆಯಿತು. ಮೂರೂವರೆ.
ಟಾರ್ಪಾಲಿನ ಮೂಲೆ ಕಿತ್ತುಕೊಂಡು
ದೋಣಿಯ ಪಕ್ಕೆಗೆ ಬಡಿಯುತ್ತಿದೆ.
ನಾನೇ ಅಳಿಸಿದ ದಾರಿಯನ್ನು ಕಣ್ಣು ಕಿರಿದಾಗಿಸಿ ನೋಡುತ್ತೇನೆ.
ಹಿಮ. ಹೆಜ್ಜೆಯಿಲ್ಲ.

ನಲವತ್ತೊಂದು.
ನಿಜವೋ ಸುಳ್ಳೋ, ಕೇಳುತ್ತದೆ ಯಂತ್ರ.
ಎರಡನ್ನೂ ಒತ್ತದೆ ಕೋಟು ತೊಟ್ಟೆ.
ಅವನ ಮನೆ ಗುಡ್ಡದ ಮೇಲೆ, ಏಳನೆಯ ಹಗ್ಗದ ಆಚೆ.
ಅಂಗಳ ದಾಟುವಾಗ ನನ್ನನ್ನು ಕಂಡು
ಹಿಂದೆ, ಖಾಲಿ ಕೋಣೆಯಲ್ಲಿ,
ಅದು ಕಿರುಚಿತು:
ನಲವತ್ತೆರಡು.